ಹರಳಲ್ಲ, ಮೂತ್ರಚೀಲ

ಮೂವತ್ತೊಂದು ವರ್ಷ ನಾನು ಸರ್ಕಾರಿ ನರ್ಸ್ ಆಗಿದ್ದೆ. ಮೊದಲು ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ, ಕೊನೆಯ ಹನ್ನೊಂದು ವರ್ಷ ಹಿರೇಬೆಂಡಿಗೇರಿಯಲ್ಲಿ. ಮನೆ ಮನೆ ತಿರುಗಿ ಹೆಂಗಸರಿಗೆ, "ಏನರ ತ್ರಾಸ ಇದ್ರ ಮುಚ್ಚಿಡಬ್ಯಾಡ್ರಿ, ನಾಚಿಕಿ ಬಿಡ್ರಿ" ಎಂದು ಉಪದೇಶ ಮಾಡಿದವಳು. ನಿವೃತ್ತಿಯಾಗಿ ಶಿಗ್ಗಾಂವಿಯಲ್ಲಿ ಮನೆ ಮಾಡಿದ ಎರಡನೆಯ ವರ್ಷ ನನ್ನದೇ ಮೂತ್ರ ಕೆಂಪಾಗಿ ಬಂತು. ಸೋಂಕು ಎಂದು ನಾನೇ ತೀರ್ಮಾನಿಸಿ, ಔಷಧದ ಅಂಗಡಿಯಿಂದ ನಾನೇ ಗುಳಿಗೆ ತಂದು ನುಂಗಿದೆ. ರಕ್ತ ನಿಂತಿತು. ತಿಂಗಳ ಮೇಲೆ ಮತ್ತೆ ಬಂತು. ಮತ್ತೆ ಗುಳಿಗೆ. ಹೀಗೆ ಎಂಟು ತಿಂಗಳು. ಬೇರೆ ಯಾವ ಹೆಂಗಸಾದರೂ ಹೀಗೆ ಮಾಡಿದ್ದರೆ ನಾಲ್ಕು ಜನರೆದುರು ಅವಳ ನೀರಿಳಿಸುತ್ತಿದ್ದೆ. ನನ್ನ ಸರ್ವೀಸಿನಲ್ಲಿ ನಾನು ಕಂಡ ದಡ್ಡ ರೋಗಿಗಳಲ್ಲಿ ಮೊದಲ ನಂಬರು ನನ್ನದೇ.

ಹುಬ್ಬಳ್ಳಿಯಲ್ಲಿ ಸ್ಕ್ಯಾನಿಂಗ್ ಆಯಿತು, ಮಾಂಸದ ಚೂರು ತೆಗೆದು ಪರೀಕ್ಷೆಯೂ ಆಯಿತು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಗಡ್ಡಿ ಆಳಕ್ಕ ಇಳದೈತ್ರಿ. ಮೂತ್ರಚೀಲ ಪೂರ್ತಿ ತೆಗೀಬೇಕು, ಗರ್ಭಕೋಶಾನೂ. ಸಣ್ಣ ಕರುಳಿನ ಒಂದು ತುಂಡಿನಿಂದ ಹೊಸ ದಾರಿ ಮಾಡಿ ಹೊಟ್ಟಿ ಮ್ಯಾಲೆ ತರ್ತೇವಿ. ಅಲ್ಲಿ ಯಾವಾಗ್ಲೂ ಚೀಲ ಕಟ್ಕೋಬೇಕು. ರೋಬೋಟ್ ಮೂಲಕ ಮಾಡಿದ್ರ ಗಾಯ ಸಣ್ಣದು."

ಪಕ್ಕದಲ್ಲಿದ್ದ ನನ್ನ ಗಂಡನಿಗೆ ಕೇಳಿಸಿದ್ದು ಒಂದೇ ಶಬ್ದ: ರೋಬೋಟ್. ನನ್ನ ಹೊಟ್ಟೆಯಿಂದ ಒಂದು ಅಂಗ ಹೋಗುತ್ತದೆ ಎಂಬುದಕ್ಕಿಂತ ಅದನ್ನು ತೆಗೆಯುವ ಯಂತ್ರದ ಹಿರಿಮೆಯೇ ಅವರಿಗೆ ದೊಡ್ಡದಾಯಿತು. ಅಲ್ಲಿಂದಲೇ ಬೀಗರಿಗೆಲ್ಲ ಫೋನು. "ರೋಬೋಟ್ ಆಪರೇಷನ್ ರೀ! ನಮ್ಮ ಮಂದ್ಯಾಗ ಇವಳದ ಮೊದಲನೇದ!" ಏನು ತೆಗೆಯುತ್ತಾರೆ ಎಂದು ಆ ಕಡೆಯವರು ಕೇಳಿದಾಗ ಮಾತ್ರ ದನಿ ಇಳಿಯಿತು. "ಹರಳು... ಹರಳು ಆಗ್ಯಾವ." ಹೆಂಡತಿಗೆ ಮೂತ್ರದ ಚೀಲವಿಲ್ಲ ಎನ್ನುವುದಕ್ಕಿಂತ ಹೊಟ್ಟೆಯಲ್ಲಿ ಕಲ್ಲಿದೆ ಎನ್ನುವುದು ಮರ್ಯಾದೆ!

ಏಳು ತಾಸಿನ ಶಸ್ತ್ರಚಿಕಿತ್ಸೆ. ಹನ್ನೆರಡನೆಯ ದಿನ ಮನೆಗೆ ಬಂದೆ. ಹೊಟ್ಟೆಯ ಮೇಲೆ ಆರು ಸಣ್ಣ ಗಾಯ. ಹೊಕ್ಕುಳದ ಬಲಕ್ಕೆ ಕೆಂಪು ಮೊಗ್ಗಿನಂಥ ಕರುಳ ತುದಿ. ಅದರ ಮೇಲೆ ಅಂಟಿಸಿದ ಚೀಲ. ಹಿಂದೆಯೇ ಬಂಧುಗಳ ದಂಡು, ಕೈಯಲ್ಲಿ ಬಾಳೆದಿಂಡು, ಹುರಳಿಕಾಳು. ಹರಳಿಗೆ ರಾಮಬಾಣವಂತೆ. ಹಾನಗಲ್ಲಿನಿಂದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಬಂದಳು. ಬಾಗಿಲ ಹತ್ತಿರವೇ ಕುಂತು ಮೂಗು ಅರಳಿಸಿ ಗಾಳಿಯನ್ನು ಪರೀಕ್ಷಿಸಿದಳು.

"ಅಕ್ಕಾ, ಯಂತ್ರ ತಾನ ಕೊಯ್ತದಂತಲ್ಲ? ನಡಕ ಕರೆಂಟ ಹೋದ್ರ ಹೆಂಗ?"

"ಡಾಕ್ಟರ ಅದ ಖೋಲಿಯೊಳಗ ಕುಂತು ಅದನ್ನ ನಡಸ್ತಾರವ್ವ. ಅದು ತಾನ ಏನೂ ಮಾಡಂಗಿಲ್ಲ. ನನ್ನ ಮೈದುನನಂಗ."

ಅವಳು ನಗಲಿಲ್ಲ. "ಮತ್ತ ಹರಳು ತೋರಿಸಿದ್ರೇನ?" ಎಂದಳು. ನಾನು ಸೆರಗು ಸರಿಸಿ ಚೀಲ ತೋರಿಸಿದೆ. "ಹರಳಲ್ಲ. ಕ್ಯಾನ್ಸರ್. ಮೂತ್ರಚೀಲಾನ ತಗದಾರ. ಈಗ ಇದ ನನ್ನ ಚೀಲ." ತಂದ ಬಾಳೆದಿಂಡನ್ನೂ ಇಳಿಸದೆ ಎದ್ದು ಹೋದಳು. ಗಂಡ ಎರಡು ದಿನ ಮಾತು ಬಿಟ್ಟರು. ಮನೆಯಲ್ಲಿ ಅಷ್ಟು ನೆಮ್ಮದಿ ಎಂದೂ ಇರಲಿಲ್ಲ.

ಚೀಲದ ಕೆಲಸ ಕಷ್ಟದ್ದಲ್ಲ. ನಾಲ್ಕು ದಿನಕ್ಕೊಮ್ಮೆ ಮುಂಜಾನೆ, ಚಹಾ ಕುಡಿಯುವ ಮೊದಲು, ಹಳೆಯದನ್ನು ತೆಗೆದು ಬರೀ ನೀರಿನಿಂದ ಚರ್ಮ ತೊಳೆದು, ಒರೆಸಿ, ಒಣಗಿಸಿ ಹೊಸದನ್ನು ಅಂಟಿಸಬೇಕು. ರಾತ್ರಿಗೆ ದೊಡ್ಡ ಚೀಲ ಜೋಡಿಸಬೇಕು. ಮೊದಲ ತಿಂಗಳು ಎರಡು ಸಲ ಸೋರಿತು. ಒಂದು ಸಲ ಸವಣೂರಿನ ಬಸ್ಸಿನಲ್ಲಿ, ಸೀರೆಯೆಲ್ಲ ಒದ್ದೆ. ಅವತ್ತು ಮನೆಗೆ ಬಂದು ಅತ್ತೆ. ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಆರು ತಿಂಗಳಾದ ಮೇಲೆ ಹಿರೇಬೆಂಡಿಗೇರಿಯಿಂದ ಫೋನು ಬಂತು. ಮಾತಾಡಿದವನು ಅಲ್ಲಿಯ ಗೌಡರ ಮಗ. ಈ ಗೌಡರು ನನಗೆ ಚೆನ್ನಾಗಿ ಗೊತ್ತು. ನಾನು ಅವರ ಓಣಿಯ ಹೆಂಗಸರನ್ನು ಕೂಡಿಸಿ ಮುಟ್ಟು, ಬಸಿರು, ಮೂತ್ರದ ಸೋಂಕಿನ ಬಗ್ಗೆ ಹೇಳುತ್ತಿದ್ದಾಗ ನಡುವೆ ಬಂದು, "ಏ ಬಾಯಿ, ಇಂಥಾ ಹೊಲಸು ಮಾತು ನಮ್ಮ ಕಟ್ಟಿ ಮ್ಯಾಲೆ ಬ್ಯಾಡ" ಎಂದು ಎಬ್ಬಿಸಿ ಕಳಿಸಿದ್ದ ಮಹಾನುಭಾವರು.

ಮಗ ಹೇಳಿದ: "ಅಪ್ಪಗ ನಿಮ್ಮಂಗ ರೋಬೋಟ್ ಆಪರೇಷನ್ ಆಗಿ ಹೊಟ್ಟಿಗೆ ಚೀಲ ಹಾಕ್ಯಾರ್ರಿ ಬಾಯಾರ. ಎರಡು ವಾರ ಆತು, ಹಿತ್ತಲ ಖೋಲಿಯೊಳಗ ಚಿಲಕ ಹಾಕ್ಕೊಂಡು ಕುಂತಾರ. ಅವ್ವನ್ನೂ ಒಳಗ ಬಿಡವಲ್ರು. ಹುಬ್ಬಳ್ಳಿಗೆ ನಡೀರಿ ಅಂದ್ರೂ ಒಲ್ಲೆ ಅಂತಾರ."

ಕನಿಕರದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ನೋಡಬೇಕು ಎಂಬ ಆಸೆಯಿಂದ ಹೋದೆ.

ಮಗ ಊಟ ಕೊಡುವ ನೆಪದಲ್ಲಿ ಚಿಲಕ ತೆಗೆಸಿ ನನ್ನನ್ನು ಒಳಗೆ ಬಿಟ್ಟ. ಖೋಲಿಯಲ್ಲಿ ಕಾಲಿಡಲಾಗದಷ್ಟು ನಾತ. ಗೌಡರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಧೋತರ ಒದ್ದೆ.

"ಯಾರು ಕರಿಸಿದ್ರು ನಿನ್ನ?"

"ನಿಮ್ಮ ಮಗ. ಹೊಟ್ಟಿ ತೋರಿಸ್ರಿ."

"ಹೆಂಗಸಿಗೆ ತೋರಸ್ಲೇನ?"

"ಹಂಗಾರ ಕೊಳೀರಿ," ಎಂದು ಬಾಗಿಲ ಕಡೆ ತಿರುಗಿದೆ. ಎರಡು ಹೆಜ್ಜೆ ಇಡುವುದರೊಳಗೆ ಹಿಂದಿನಿಂದ, "ಬಾಯಾರ..." ಎಂದು ಸಣ್ಣ ದನಿ ಬಂತು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಮರ್ಯಾದೆ ಕೊಟ್ಟು ಬಾಯಾರ ಎಂದದ್ದು ಅದೇ ಮೊದಲು.

ಚರ್ಮ ಬೆಂದಂತೆ ಕೆಂಪಾಗಿತ್ತು. ಉರಿ ತಡೆಯಲಾರದೆ ಕೊಬ್ಬರಿ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚಿಕೊಂಡಿದ್ದರು. ಎಣ್ಣೆಯ ಮೇಲೆ ಯಾವ ಅಂಟು ನಿಲ್ಲುತ್ತದೆ? ಸಾಲದ್ದಕ್ಕೆ ಕರುಳ ತುದಿಯ ಅಳತೆಗೆ ಕತ್ತರಿಸಬೇಕಾದ ಚೀಲದ ತೂತನ್ನು ನಿಂಬೆಹಣ್ಣು ತೂರುವಷ್ಟು ಅಗಲ ಕತ್ತರಿಸಿದ್ದರು. ಎಪ್ಪತ್ತು ಎಕರೆ ಆಳುವವರಿಗೆ ಒಂದು ತೂತು ಅಳತೆಗೆ ಕತ್ತರಿಸಲು ಬರಲಿಲ್ಲ. ಇದನ್ನು ಅವರ ಮುಖದ ಮೇಲೆಯೇ ಹೇಳಿದೆ. ಹೇಳಿದ್ದು ನನಗೆ ಸುಖವಾಯಿತು, ಮುಚ್ಚಿಡುವುದಿಲ್ಲ.

ಬಿಸಿನೀರು ತರಿಸಿದೆ. ನೀರು ತಂದ ಅವರ ಹೆಂಡತಿ ಹೊಸ್ತಿಲಲ್ಲೇ ನಿಂತರು.

"ಒಳಗ ಬರ್ರಿ, ಕಲೀರಿ," ಎಂದೆ.

"ಅಕಿ ಬ್ಯಾಡ!" ಎಂದು ಗೌಡರು ಒದರಿದರು.

"ಅವರಿಲ್ದ ನಾ ಚೀಲ ಮುಟ್ಟಂಗಿಲ್ಲ."

ಆ ತಾಯಿ ಒಳಗೆ ಬಂದು ಪಕ್ಕದಲ್ಲಿ ಕುಂತರು. ನಾನು ತೊಳೆದು, ಒಣಬಟ್ಟೆಯಿಂದ ಒತ್ತಿ, ಅಳತೆಗೆ ಕತ್ತರಿಸಿ, ಅಂಟಿಸಿ, ಅಂಟು ಹಿಡಿಯುವ ತನಕ ಅಂಗೈಯಿಂದ ಒತ್ತಿ ಹಿಡಿದೆ. ಅವರು ಕಣ್ಣು ಮಿಟುಕಿಸದೆ ನೋಡಿದರು. ಕೊನೆಗೆ ಗಂಡನನ್ನಲ್ಲ, ನನ್ನನ್ನು ಕೇಳಿದರು: "ಇಷ್ಟನ?"

"ಇಷ್ಟ."

"ಇಷ್ಟಕ್ಕ ಎರಡು ವಾರ ಚಿಲಕ ಹಾಕಿದ್ರೇನ? ನಾಕು ಮಕ್ಕಳ ಅರಿವಿ ತೊಳದೇನಿ, ಇವರ ಅವ್ವಂದೂ ತೊಳದೇನಿ. ಇವರದೇನ ಬಂಗಾರದ್ದು?"

ಗೌಡರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ನೀರಿತ್ತು. ಅದನ್ನು ಕಂಡು ನನ್ನ ಬಾಯಿಗೆ ಬಂದಿದ್ದ ಇನ್ನೊಂದು ಮಾತನ್ನು ನುಂಗಿಕೊಂಡೆ. ಒಳ್ಳೆಯತನದಿಂದಲ್ಲ, ಹೊಡೆಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಇನ್ನೆರಡು ಸಲ ಹೋದೆ. ಎರಡನೆಯ ಸಲ ಹೆಂಡತಿಯೇ ಅಂಟಿಸಿದರು. ಮೂರನೆಯ ಸಲ ಗೌಡರೇ ಕನ್ನಡಿ ಹಿಡಿದು ಅಂಟಿಸಿಕೊಂಡರು, ಸೊಟ್ಟಗೆ. ಹಿತ್ತಲ ಖೋಲಿಯಲ್ಲಿ ಈಗ ಗೊಬ್ಬರದ ಚೀಲಗಳಿವೆ. ಗೌಡರು ಮತ್ತೆ ಕಟ್ಟೆಯ ಮೇಲೆ ಕುಂತು ನ್ಯಾಯ ಹೇಳುತ್ತಾರಂತೆ. ಊರವರ ಲೆಕ್ಕದಲ್ಲಿ ಅವರಿಗೆ ಆದದ್ದು ಹರ್ನಿಯಾ.

ಹೋದ ತಿಂಗಳು ಶಿಗ್ಗಾಂವಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಎದುರಾದರು. ಗೌಡರು ನನ್ನನ್ನು ಕಂಡವರೇ ಬಂಕಾಪುರದ ಬೋರ್ಡಿನ ಬಸ್ಸನ್ನು ಜೀವನದಲ್ಲಿ ಮೊದಲ ಸಲ ಕಂಡವರಂತೆ ನೋಡುತ್ತ ನಿಂತರು. ಹೆಂಡತಿ ಸೀದಾ ಬಂದು ನನ್ನ ಕೈ ಹಿಡಿದು, ಸುತ್ತಲಿನವರಿಗೆಲ್ಲ ಕೇಳುವಂತೆ, "ಬಾಯಾರ, ನಿಮ್ಮ ಚೀಲ ಯಾವ ಅಂಗಡ್ಯಾಗ ತರಸ್ತೀರಿ? ಇವರದು ಮೂರ ಉಳದಾವ," ಎಂದರು.

ಅಂಗಡಿಯ ವಿಳಾಸ ಹೇಳಿದೆ. ಗೌಡರ ಕಿವಿ ಕೆಂಪಾದವು. ಬಸ್ಸು ಬಂತು. ಹೆಂಡತಿ ಹತ್ತಿ ಕಿಟಕಿಯ ಹತ್ತಿರ ಕುಂತರು. ಗೌಡರು ಹಿಂದಿನ ಬಾಗಿಲಿನಿಂದ ಹತ್ತಿದರು.