ಅಕ್ಕಿ ತೊಳೆಯುವಷ್ಟು ಹೊತ್ತು

ಅವಳನ್ನು ಎಲ್ಲರೂ ಟೈಪಿಸ್ಟಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಒಬ್ಬ ವಕೀಲರ ಕಚೇರಿಯಲ್ಲಿ ಕೂತು, ಅವರು ಗೀಚಿದ್ದನ್ನು ಓದಿ, ಅಂಚಿನಲ್ಲಿದ್ದ ತರಲೆಯನ್ನೆಲ್ಲ ಬಿಟ್ಟು, ಚೊಕ್ಕ ಪ್ರತಿ ತೆಗೆದುಕೊಟ್ಟವಳು. ವಕೀಲರು ತೀರಿಕೊಂಡರು, ಕಚೇರಿಗೆ ಬೀಗ ಬಿತ್ತು. ಮದುವೆಯಾಗದವಳು ಅಣ್ಣನ ಮನೆ ಸೇರಿದಳು. ಅತ್ತಿಗೆ ಕೆಟ್ಟವಳಲ್ಲ. "ನೀನು ಬಂದ್ಮೇಲೆ ನಂಗೆ ಇನ್ನೆರಡು ಕೈ ಬಂದ ಹಾಗಾಯ್ತು ಕಣೇ" ಎಂದು ಹೊಗಳುತ್ತ ಹೊಗಳುತ್ತಲೇ ಒಲೆ, ಪಾತ್ರೆ, ಬಟ್ಟೆ ಮೂರನ್ನೂ ಆ ಎರಡು ಕೈಗೆ ವಹಿಸಿಬಿಟ್ಟಿದ್ದಳು.

ಅದಕ್ಕೇ ಕಸೂತಿ ಅಂಗಡಿಯ ಮಾಲೀಕ ಕೆಲಸದ ಮಾತೆತ್ತಿದಾಗ ಅವಳು ಎರಡನೆಯ ಸಲ ಕೇಳಿಸಿಕೊಳ್ಳದೆ ಹೊರಟಳು.

ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆ. ಆರು ಸೂಜಿಯ ಕಸೂತಿ ಯಂತ್ರ, ಅದಕ್ಕೆ ಅಪ್ಪಣೆ ಕೊಡುವ ಮೂವತ್ತು ವರ್ಷ ಹಳೆಯ ಕಂಪ್ಯೂಟರು. ಹಿಂದೆ ಅಡುಗೆಮನೆ. ಊರಿನ ಶಾಲೆ, ಆಸ್ಪತ್ರೆಗಳ ಲಾಂಛನಗಳೆಲ್ಲ ಆ ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದಿದ್ದವು.

"ಶನಿವಾರ ಗುಜರಿಯವನು ಬರ್ತಾನೆ" ಎಂದರು ಮಾಲೀಕರು. "ಅಷ್ಟರೊಳಗೆ ಓಡಿಸಿದ್ರೆ ಈ ಕುರ್ಚಿ ನಿಮ್ದು, ಮಹಡಿ ಮೇಲಿನ ರೂಮೂ ನಿಮ್ದು. ಇಲ್ಲಾಂದ್ರೆ ನನ್ನ ದೂರಬೇಡಿ."

"ಇಷ್ಟು ದಿನ ಯಾರು ನಡೆಸ್ತಿದ್ರು?"

"ನನ್ನ ಹೆಂಡ್ತಿ. ಸತ್ತು ಆರು ವರ್ಷ ಆಯ್ತು. ಅದ್ರಲ್ಲೇನಿದೆ, ಬಟನ್ ಒತ್ತೋದು ತಾನೇ? ಅಡುಗೆ ಮಾಡ್ತಾ ಮಾಡ್ತಾನೇ ಒತ್ತಿಬಿಡೋಳು." ಎರಡು ಹೆಜ್ಜೆ ಹೋದವರು ತಿರುಗಿ, "ಹಾಗೇ ಮಧ್ಯಾಹ್ನ ನನಗೂ ಒಂದು ಹಿಡಿ ಅನ್ನ ಮಾಡಿಬಿಡಿ. ಒಬ್ಬರಿಗೆ ಮಾಡಿದ್ರೇನು, ಇಬ್ಬರಿಗೆ ಮಾಡಿದ್ರೇನು" ಎಂದರು.

ಪೆಟ್ಟಿಗೆಯಲ್ಲಿದ್ದ, ಯಂತ್ರ ನಡೆಸುವ ಸಾಫ್ಟ್‌ವೇರಿನ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಮ್ಯಾನ್ಯುವಲ್ ಇರಲಿಲ್ಲ. ಕಂಪನಿ ಯಾವಾಗಲೋ ಮುಳುಗಿತ್ತು. ಅದರ ನಂಬರಿಗೆ ಫೋನು ಮಾಡಿದರೆ ಯಾವುದೋ ಕ್ಷೌರದಂಗಡಿಯವನು ಎತ್ತಿದ. ಹಳೆ ಕಂಪ್ಯೂಟರುಗಳ ಹುಚ್ಚಿರುವವರ ಗುಂಪೊಂದು ಮೊಬೈಲಿನಲ್ಲಿ ಸಿಕ್ಕಿತು. "ಇದು ನಮ್ಮಜ್ಜಿಗಿಂತ ಹಿರಿದು, ಕಾಲಿಗೆ ಬೀಳಿ" ಎಂದು ನಕ್ಕವರೇ ಹೆಚ್ಚು. ಒಬ್ಬ ಮಾತ್ರ ನೆಟ್ಟಗೆ ಬರೆದಿದ್ದ: ಸಾಫ್ಟ್‌ವೇರಿನ ಇನ್ನೊಂದು ಪ್ರತಿ ಮ್ಯಾನ್ಯುವಲ್ಲಿನ ಹಿಂಬದಿ ರಟ್ಟಿನ ಜೇಬಿನಲ್ಲಿರುತ್ತದೆ. ಅದು ಸಿಕ್ಕರೆ ಇದೂ ಸಿಕ್ಕಿದಂತೆ.

ಹೆಂಡತಿ ಸತ್ತ ಮನೆಯ ಕಾಗದ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ನೆಟ್ಟಗೆ ಬೀದಿ ತುದಿಯ ರದ್ದಿ ಅಂಗಡಿಗೆ ಹೋದಳು.

ರದ್ದಿಯವನು ಹುಡುಕಲೇ ಇಲ್ಲ. ತಕ್ಕಡಿಯ ಹಿಂದಿನ ಹಲಗೆಯಿಂದ ದಪ್ಪ ಪುಸ್ತಕವೊಂದನ್ನು ಎಳೆದುಕೊಟ್ಟ. "ಅಂತೂ ಬಂದ್ರಲ್ಲ! ಆರು ವರ್ಷದಿಂದ ಇಟ್ಕೊಂಡು ಕೂತಿದೀನಿ."

"ನನಗೋಸ್ಕರವಾ?"

"ಮಾಲೀಕ್ರು ರದ್ದಿಗೆ ಹಾಕಿದ ಮಾರನೇ ದಿನಾನೇ ಒಬ್ಬ ಹೆಂಗಸು ಬಂದಿದ್ರು. ಇದನ್ನ ಹರೀಬೇಡಿ, ಕೇಳ್ಕೊಂಡು ಬರ್ತಾರೆ ಅಂದ್ರು. ಕೊಡ್ತೀನಿ ತಗೊಳ್ಳಿ ಅಂದ್ರೆ ಮುಟ್ಲಿಲ್ಲ, ಕೈ ಒದ್ದೆಯಾಗಿದೆ ಅಂದ್ರು." ಅವಳ ಮುಖವನ್ನೇ ದಿಟ್ಟಿಸಿದ. "ಅದು ನೀವೇ ಅಲ್ವಾ?"

ಅವಳು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

ಹಿಂದಿನ ಜೇಬಿನಲ್ಲಿ ಫ್ಲಾಪಿ ಇತ್ತು. ಯಂತ್ರ ಎಬ್ಬಿಸಲು ಎಂಟು ಹೆಜ್ಜೆ. ಅಚ್ಚಿನ ಸಾಲುಗಳ ಪಕ್ಕದಲ್ಲೆಲ್ಲ ಪೆನ್ಸಿಲಿನ ಸಣ್ಣ ಅಕ್ಷರ: ಅಕ್ಕಿ ತೊಳೆದು ಬಾ. ಪಾತ್ರೆ ಉಜ್ಜಿ ಬಾ. ಮೆಟ್ಟಿಲು ಒರೆಸಿ ಬಾ. ಪಾಪ, ಮನೆಗೆಲಸದ ಪಟ್ಟಿಗೆ ಬೇರೆ ಕಾಗದ ಸಿಗದೆ ಇಲ್ಲೇ ಗೀಚಿಕೊಂಡಿದ್ದಾಳೆ ಎಂದುಕೊಂಡಳು ಟೈಪಿಸ್ಟಮ್ಮ. ಇಪ್ಪತ್ತೆರಡು ವರ್ಷದ ಅಭ್ಯಾಸ. ಎಂಟೂ ಹೆಜ್ಜೆಗಳನ್ನು ಬಿಳಿ ಹಾಳೆಗೆ ಚೊಕ್ಕವಾಗಿ ಇಳಿಸಿ, ಅಂಚಿನದನ್ನೆಲ್ಲ ಕೈಬಿಟ್ಟಳು.

ಕಂಪ್ಯೂಟರು ಎದ್ದಿತು. ಮೊದಲ ಕೀಲಿ ಒತ್ತಿದಳು. 'ಸಿದ್ಧವಾದಾಗ ಎರಡನೆಯದನ್ನು ಒತ್ತಿ' ಎಂದಿತ್ತು ಪುಸ್ತಕದಲ್ಲಿ. ಸಿದ್ಧವೆಂದು ತೋರಿಸುವ ದೀಪ ಸುಟ್ಟು ಯಾವ ಕಾಲವಾಗಿತ್ತೋ. ಎಷ್ಟು ಕಾಯಬೇಕೋ ತಿಳಿಯದೆ ಅಂದಾಜಿನಲ್ಲಿ ಒತ್ತಿದಳು, ಪರದೆ ಅಲುಗದೆ ಕಲ್ಲಾಯಿತು. ಗುರುವಾರವೆಲ್ಲ ಹೀಗೇ. ಶುಕ್ರವಾರ ಬೆಳಗ್ಗೆ ಬಂದು ನೋಡಿದರೆ ಅವಳ ಬಿಳಿ ಹಾಳೆಯ ಖಾಲಿ ಅಂಚಿನ ಮೇಲೆ, ಒಂದರ ಕೆಳಗೊಂದು, ಒದ್ದೆ ಹೆಬ್ಬೆರಳಿನ ಏಳು ಗುರುತು. ಇನ್ನೂ ಆರಿರಲಿಲ್ಲ.

"ನನ್ನ ಹಾಳೆ ಮುಟ್ಟಿದ್ರಾ?" ಎಂದು ಮಾಲೀಕರನ್ನು ಕೇಳಿದಳು.

"ನಾನ್ಯಾಕೆ ಮುಟ್ಲಿ? ಅನ್ನಕ್ಕಿಟ್ರಾ?"

ಮೊದಲ ಕೀಲಿಯನ್ನು ಆಗತಾನೇ ಒತ್ತಿದ್ದಳು. ಸಿಟ್ಟಿನಲ್ಲೇ ಎದ್ದು ಹೋಗಿ, ಅಕ್ಕಿ ತೊಳೆದು ಒಲೆಯ ಮೇಲಿಟ್ಟು ಬಂದು ಎರಡನೆಯದನ್ನು ಕುಟ್ಟಿದಳು. ಪರದೆ ಕಲ್ಲಾಗಲಿಲ್ಲ. ಮುಂದಿನ ಸಾಲು ಮೂಡಿತು.

ಮೂಲ ಪುಸ್ತಕ ತೆರೆದಳು. ಮೊದಲ ಹೆಜ್ಜೆಗೂ ಎರಡನೆಯದಕ್ಕೂ ನಡುವೆ: ಅಕ್ಕಿ ತೊಳೆದು ಬಾ.

ಅದು ಪಟ್ಟಿಯಲ್ಲ, ಅಳತೆ. ದೀಪ ಕೆಟ್ಟ ಯಂತ್ರಕ್ಕೆ ಆ ಹೆಂಗಸು ತನ್ನ ಕೈಕೆಲಸವನ್ನೇ ಗಡಿಯಾರ ಮಾಡಿದ್ದಳು. ಟೈಪಿಸ್ಟಮ್ಮ ಒಂದೊಂದನ್ನೂ ಮಾಡುತ್ತ ಹೋದಳು. ಉಜ್ಜಿದಳು, ಬಂದು ಒತ್ತಿದಳು. ಒರೆಸಿದಳು, ಬಂದು ಒತ್ತಿದಳು. ಐದನೆಯ ಹೆಜ್ಜೆಯ ಹೊತ್ತಿಗೆ, ಬಳೆಯೇ ಇಲ್ಲದ ತನ್ನ ಮುಂಗೈಯಲ್ಲಿ ಬಳೆ ಹಿಂದೆ ಸರಿಸಿಕೊಳ್ಳುತ್ತಿರುವುದು ಗಮನಕ್ಕೆ ಬಂತು. ಎಂಟನೆಯದಕ್ಕೆ ಆರೂ ಸೂಜಿಗಳು ಒಮ್ಮೆಲೇ ಕುಣಿದವು.

ಮಾಲೀಕರು ಓಡಿ ಬಂದರು. ಫಳಫಳಿಸುವ ಮೆಟ್ಟಿಲು, ಬೆಂದ ಅನ್ನ, ಓಡುವ ಯಂತ್ರ. ಕಣ್ಣರಳಿಸಿ, "ಅವಳಿದ್ದ ಹಾಗೇ ಆಯ್ತಲ್ಲೇ!" ಎಂದರು. 'ರೀ' ಎಲ್ಲಿ ಬಿದ್ದುಹೋಯಿತೆಂದು ಅವರಿಗೇ ತಿಳಿಯಲಿಲ್ಲ.

ಅವಳಿಗೆ ತಿಳಿಯಿತು. ಅಣ್ಣನ ಅಡುಗೆಮನೆಯಿಂದ ತಪ್ಪಿಸಿಕೊಂಡು ಸತ್ತವಳ ಅಡುಗೆಮನೆಗೆ ಬಂದು ನಿಂತಿದ್ದಳು. ಈ ಕುರ್ಚಿ ಬೇಕೆಂದರೆ ದಿನಾ ಅವಳಾಗಬೇಕು.

ಶನಿವಾರ ಬರುವಾಗ ಚೀಲದಲ್ಲಿ ಒಂದು ಅಲಾರಂ ಗಡಿಯಾರ ತಂದಳು. ಮುಂಬಾಗಿಲ ಆಚೆ, ಅಂಗಳದಲ್ಲಿ, ಮಾಲೀಕರು ಗುಜರಿಯವನ ಜೊತೆ ಮಾತಾಡುತ್ತಿದ್ದರು. ಮನೆಯೊಳಗೆ ಬೇರೆ ಯಾರೂ ಇರಲಿಲ್ಲ. ಏಳೂ ಕೆಲಸಕ್ಕೆ ಎಷ್ಟೆಷ್ಟು ಹೊತ್ತೆಂದು ಅಣ್ಣನ ಮನೆಯಲ್ಲಿ ಅಳೆದು ಬಂದಿದ್ದಳು; ಅಕ್ಕಿ ತೊಳೆಯಲು ನಾಲ್ಕು ನಿಮಿಷ. ಮೊದಲ ಕೀಲಿ ಒತ್ತಿ, ಎರಡೂ ಕೈಯನ್ನು ಮಡಿಲಲ್ಲಿಟ್ಟು, ಸುಮ್ಮನೆ ಕೂತಳು. ಜೀವಮಾನದಲ್ಲಿ ಹಾಗೆ ಕೂತದ್ದು ನೆನಪಿಲ್ಲ.

ಒಂದು ನಿಮಿಷವಾಗಿರಬೇಕು. ಅಡುಗೆಮನೆಯಲ್ಲಿ ನಲ್ಲಿ ತಿರುಗಿತು. ಪಾತ್ರೆಗೆ ನೀರು ಬಿದ್ದ ಸದ್ದು. ಆಮೇಲೆ ಅಕ್ಕಿಯನ್ನು ಬೆರಳಲ್ಲಿ ಕಿವುಚುವ ಸದ್ದು, ಸರ ಸರ, ಸರ ಸರ, ನಡುನಡುವೆ ಬಳೆ.

ಎದ್ದು ಓಡಿದರೆ ಕುರ್ಚಿಯೂ ಹೋಯಿತು, ಕೋಣೆಯೂ ಹೋಯಿತು. ಗಡಿಯಾರವನ್ನು ಎದೆಗವಚಿಕೊಂಡು, ತಿರುಗಿ ನೋಡದೆ, ಮೆಲ್ಲಗೆ ಹೇಳಿದಳು: "ಸಾಕು ಬಿಡಕ್ಕಾ. ಗಡಿಯಾರ ತಂದಿದೀನಿ."

ಸದ್ದು ನಿಂತಿತು. ಆಮೇಲೆ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದ ಕಿರ್ರೆಂಬ ಸದ್ದು.

ನಾಲ್ಕನೆಯ ನಿಮಿಷಕ್ಕೆ ಎರಡನೆಯ ಕೀಲಿ ಒತ್ತಿದಳು. ಪರದೆಯಲ್ಲಿ ಸಾಲು ಮೂಡಿತು. ಉಳಿದ ಆರನ್ನೂ ಗಡಿಯಾರ ನೋಡಿಯೇ ಒತ್ತಿದಳು.

ಸೂಜಿಗಳ ಸದ್ದಿಗೆ ಮಾಲೀಕರು ಗುಜರಿಯವನನ್ನು ಕಳಿಸಿ ಒಳಬಂದರು. "ಅನ್ನ ಆಯ್ತಾ?"

"ಕುರ್ಚಿ ಅಂದಿದ್ರಿ, ರೂಮು ಅಂದಿದ್ರಿ. ಒಲೆ ಅಂದಿರಲಿಲ್ಲ" ಎಂದಳು ಪುಸ್ತಕದಿಂದ ತಲೆಯೆತ್ತದೆ. 'ಅಕ್ಕಿ ತೊಳೆದು ಬಾ' ಎಂಬುದರ ಪಕ್ಕ 'ನಾಲ್ಕು ನಿಮಿಷ' ಎಂದು ಬರೆಯುತ್ತಿದ್ದಳು. ಹಳೆಯದನ್ನು ಅಳಿಸಲಿಲ್ಲ.

ಅವರ ಕಣ್ಣು ನೆಲದ ಮೇಲೆ ಬಿತ್ತು. ಅಡುಗೆಮನೆಯ ಹೊಸಿಲಿನಿಂದ, ಅವಳ ಕುರ್ಚಿಯ ಪಕ್ಕದಲ್ಲೇ ಹಾದು, ಮುಂಬಾಗಿಲವರೆಗೆ ಬರಿಗಾಲಿನ ಒದ್ದೆ ಹೆಜ್ಜೆಗಳು. ಎಲ್ಲವೂ ಹೊರಮುಖವಾಗಿ.

"ಇದ್ಯಾರು ನೀರು ಚೆಲ್ಲಿದ್ದು? ಒರೆಸಿಬಿಡಿ."

"ತಾನಾಗೇ ಆರುತ್ತೆ ಬಿಡಿ" ಎಂದು ಅವಳು ಮೂರನೆಯ ಹೆಜ್ಜೆಯ ಅಂಚಿಗೆ ಪೆನ್ಸಿಲು ತಂದಳು.