ಜಾರದ ಗಂಟು

ಹಮೀದಾಕರ ಗಂಟು ಅವತ್ತು ಜಾರಿರಲಿಲ್ಲ. ಜಾರಿತು ಎಂದು ಸುಳ್ಳು ಹೇಳಿದವಳು ನಾನು. ಬರೀ ಹೇಳಲಿಲ್ಲ — ಅವರು ನಂಬಲಿ ಎಂದು ಸಾಕ್ಷಿಯನ್ನೂ ತಯಾರು ಮಾಡಿಕೊಟ್ಟೆ, ನನ್ನ ಈ ಹೆಬ್ಬೆರಳಿನ ಉಗುರಿನಿಂದ. ಎರಡು ವರ್ಷ ಈ ಮಾತನ್ನು ನುಂಗಿಕೊಂಡೇ ಓಡಾಡಿದೆ. ಈಗ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾನು ವಸುಧಾ, ಮೈಸೂರಿನವಳು. ದೋಹಾದ ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತೇನೆ. ಮೀನು ತಿನ್ನುವುದಿರಲಿ, ಪಕ್ಕದ ಮನೆಯಲ್ಲಿ ಮೀನು ಬೆಂದರೆ ಊದುಬತ್ತಿ ಹಚ್ಚುವ ಮನೆತನ ನಮ್ಮದು. ಅಂಥವಳು ಮೀನು ಹಿಡಿಯುವ ಹುಚ್ಚಿಗೆ ಬಿದ್ದದ್ದು ಒಂದು ಬ್ಲೌಸಿನಿಂದ. ಮದೀನತ್ ಖಲೀಫಾದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಹಮೀದಾಕರ ಟೈಲರ್ ಅಂಗಡಿ. ಉಪ್ಪಿನಂಗಡಿ ಕಡೆಯ ಬ್ಯಾರಿ ಗಂಡಸು — ಹೆಸರಿನ ಕೊನೆಯ ‘ಆಕ’ ಅವರಲ್ಲಿ ಅಣ್ಣ ಎಂಬ ಗೌರವ — ಅರವತ್ತು ದಾಟಿದವರು, ಅರ್ಧ ಆಯುಷ್ಯ ಇಲ್ಲಿನ ಹೆಂಗಸರು ತೊಡುವ ಕಪ್ಪು ನಿಲುವಂಗಿ ಅಬಾಯಗಳ ಅಂಚಿಗೆ ಕೈಕಸೂತಿ ಹಾಕಿದವರು. ಬ್ಲೌಸಿನ ಹೊಲಿಗೆ ಬಿಚ್ಚಿಸಲು ಹೋಗಿದ್ದೆ. ಮೆಷಿನ್ನಿನ ಪಕ್ಕ ಒಂದು ಪುಟ್ಟ ಇಕ್ಕಳದ ಬಾಯಲ್ಲಿ ಸೊಳ್ಳೆಯಂಥದ್ದೇನೋ ಕೂತಿತ್ತು. ಹೊಡೆಯಲು ಕೈ ಎತ್ತಿದೆ.

"ಅಯ್ಯೋ, ಬೇಡ ಮಾರಾಯ್ರೆ. ಅದು ಸೊಳ್ಳೆ ಅಲ್ಲ, ಟ್ರೌಟಿನ ಊಟ. ಅದ್ರ ಹೊಟ್ಟೆಯಲ್ಲಿ ಗಾಳ ಉಂಟು" ಎಂದರು ಹಮೀದಾಕ.

ಬಗ್ಗಿ ನೋಡಿದೆ. ಅಕ್ಕಿಕಾಳಿನಷ್ಟು ಗಾಳ. ಅದರ ಮೇಲೆ ಅಬಾಯದ ಕಪ್ಪು ರೇಷ್ಮೆ ದಾರ ಸುತ್ತಿ, ಕೋಳಿಗರಿಯ ಎಳೆಯಿಂದ ರೆಕ್ಕೆ ಮಾಡಿ, ತಲೆಗೆ ಒಂದು ಮಣಿ ಕೂರಿಸಿದ್ದರು. ಊರಿಗೆ ಹೋಗುವಾಗ ಒಬ್ಬ ಬಿಳಿಯ ಗಿರಾಕಿ ತನ್ನ ಮೀನು ಹಿಡಿಯುವ ರಾಡು, ಇಕ್ಕಳ, ಗಾಳದ ಡಬ್ಬಿ ಎಲ್ಲವನ್ನೂ ಇವರಿಗೆ ಕೊಟ್ಟು ಹೋಗಿದ್ದನಂತೆ. ಚಳಿದೇಶಗಳ ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು. ಅದು ತಿನ್ನುವುದು ನೀರಿನ ಹುಳುಗಳನ್ನು. ಚಳಿಗಾಲವೆಲ್ಲ ಅಲ್ಲಿಯವರು ಕಿಟಕಿ ಮುಚ್ಚಿ ಕೂತು ಇಂಥ ಸುಳ್ಳು ಹುಳು ಕಟ್ಟುತ್ತಾರೆ. ಅದರ ಹೆಸರು ಫ್ಲೈ. ಇಷ್ಟನ್ನು ಆ ಗಿರಾಕಿ ಹೇಳಿದ್ದ. ಉಳಿದದ್ದನ್ನು ಹಮೀದಾಕ ಮೊಬೈಲಿನ ವಿಡಿಯೊ ನೋಡಿ ಕಲಿತಿದ್ದರು, ಸೌಂಡ್ ಬಂದ್ ಮಾಡಿ, ಬರೀ ಬೆರಳುಗಳನ್ನು ನೋಡುತ್ತಾ. ಟ್ರೌಟನ್ನು ಕಣ್ಣಾರೆ ಕಂಡವರಲ್ಲ. ಆದರೆ ಚಳಿಗೆ ಅದು ಹೊಳೆಯ ತಳದಲ್ಲಿ ಹೇಗೆ ಅಲ್ಲಾಡದೆ ನಿಲ್ಲುತ್ತದೆ, ಮೂಗಿನ ಮುಂದೆ ಬಂದರೆ ಮಾತ್ರ ಹೇಗೆ ಬಾಯಿ ತೆರೆಯುತ್ತದೆ — ಸ್ವಂತ ನೆಂಟನ ವಿಷಯದಂತೆ ಹೇಳುತ್ತಿದ್ದರು.

ಬ್ಲೌಸ್ ಅಲ್ಲೇ ಮರೆತು ಮನೆಗೆ ಬಂದೆ. ಮಾರನೇ ದಿನ ಹೋಗಿ, ನನಗೂ ಕಲಿಸಿ ಎಂದು ಕೂತುಬಿಟ್ಟೆ.

ಆ ದಿನಗಳ ಹುರುಪನ್ನು ಹೇಗೆ ಹೇಳಲಿ... ಶುಕ್ರವಾರ ನಸುಕಿನ ಫಜರ್ ನಮಾಜು ಮುಗಿದ ಕೂಡಲೇ ಅವರ ಹಳೇ ಕಾರು ನಮ್ಮ ಗೇಟಿಗೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಜುಬೇದಕ್ಕ, ಮಡಿಲಲ್ಲಿ ಚಹಾದ ಫ್ಲಾಸ್ಕು. ಅಲ್ ಶಮಾಲ್ ಕಡೆ ಒಂದು ಗಂಟೆ ದಾರಿ. ಕತಾರಿನ ಚಳಿಗಾಲದ ಸಮುದ್ರ ಅಲ್ಲಿ ಮೊಣಕಾಲುದ್ದ, ತಿಳಿ; ನಡೆದಷ್ಟೂ ನಡೆಯಬಹುದು. ಟ್ರೌಟ್ ಇಲ್ಲದಿದ್ದರೇನಂತೆ? ದೊಡ್ಡ ಗಾಳಕ್ಕೆ ಬಿಳಿ ಗರಿ, ಬೆಳ್ಳಿ ಜರಿ ಕಟ್ಟಿ, ಅದೇ ರಾಡಿನಿಂದ ಕ್ವೀನ್‌ಫಿಶ್ ಎಂಬ ಬೆಳ್ಳಿಬಣ್ಣದ ಮೀನಿಗೆ ಬೀಸುತ್ತಿದ್ದೆವು. ತಲೆಯ ಮೇಲೆ ಲೈನ್ ಎಂಬ ದಾರ ಹಿಂದಕ್ಕೂ ಮುಂದಕ್ಕೂ ಹಾರುವುದು, ಆಮೇಲೆ ಸದ್ದಿಲ್ಲದೆ ನೀರಿಗೆ ಇಳಿಯುವುದು — ನಾನು ಕುಣಿದಾಡಿಬಿಡುತ್ತಿದ್ದೆ, ನಲವತ್ತು ದಾಟಿದ ಹೆಂಗಸು. ಸಿಕ್ಕಿದ ಸಣ್ಣಪುಟ್ಟ ಮೀನುಗಳನ್ನೆಲ್ಲ ಗಾಳ ಬಿಡಿಸಿ ವಾಪಸು ನೀರಿಗೇ. ಅದು ನನಗಂತೂ ಬಹಳ ಅನುಕೂಲವಾಯಿತು.

"ಹಿಡಿದು ಬಿಡ್ಲಿಕ್ಕೆ ಇಷ್ಟು ದೂರ ಪೆಟ್ರೋಲ್ ಸುಟ್ಟು ಬರ್ಬೇಕಾ? ಮನೆಯಲ್ಲೇ ಬಕೆಟಿನಲ್ಲಿ ಬಿಡಿ" ಎಂದು ಜುಬೇದಕ್ಕ ದಡದಿಂದ ಗೇಲಿ ಮಾಡುವರು.

ಮೂರು ಚಳಿಗಾಲ ಹೀಗೆ. ದೊಡ್ಡ ಮೀನು ಇಬ್ಬರಿಗೂ ಸಿಕ್ಕಿರಲಿಲ್ಲ. ಯಾರಿಗೆ ಮೊದಲು ಎಂದು ಮೇಲಿಂದ ಮೇಲೆ ಪಂದ್ಯ, ತಮಾಷೆಗೆ. ತಮಾಷೆಗೆ ಎಂದು ಅವರು ಅಂದುಕೊಂಡಿದ್ದರು.

ಅದರ ನಡುವೆ ಅವರಿಗೆ ಸಕ್ಕರೆ ಕಾಯಿಲೆ ಏರಿತು. ಬೆರಳ ತುದಿಗಳಲ್ಲಿ ಜೋಮು. ಸ್ಪರ್ಶ ಕಡಿಮೆಯಾಗುತ್ತಾ ಹೋಗಬಹುದು, ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ಬೆರಳಿನಿಂದಲೇ ಬದುಕಿದ ಮನುಷ್ಯ. ಆ ಡಿಸೆಂಬರಿನಲ್ಲಿ ಜಾರ್ಜಿಯಾಕ್ಕೆ ಹೋಗುವುದೆಂದು ನಾವು ಆಗಲೇ ಮಾತಾಡಿಕೊಂಡಿದ್ದೆವು — ಇಲ್ಲಿಂದ ಎಲ್ಲರೂ ಹಿಮ ನೋಡಲು ಹೋಗುವ ದೇಶ. ಅಲ್ಲೊಂದು ಕಣಿವೆಯಲ್ಲಿ ಚಳಿಗಾಲದಲ್ಲೂ ಅನುಮತಿ ಕೊಡುವ ಟ್ರೌಟ್ ಹೊಳೆ. ಹಮೀದಾಕ ತಮಗೆ ತಾವೇ ಒಂದು ಪರೀಕ್ಷೆ ಇಟ್ಟುಕೊಂಡರು.

"ಇಲ್ಲಿ ಒಂದು ದೊಡ್ಡ ಮೀನು ನಾನೇ ಕಟ್ಟಿದ ಗಂಟಿನಲ್ಲಿ ನಿಲ್ಲಲಿ. ನಿಂತರೆ ಕೈ ಇನ್ನೂ ಉಂಟು ಅಂತ ಲೆಕ್ಕ. ಜಾರಿದರೆ ಖಲಾಸ್, ಟ್ರೌಟೂ ಬೇಡ, ಸೂಜಿಯೂ ಬೇಡ."

ಅವರ ಬಾಯಿಂದಲೇ ಇದನ್ನು ಕೇಳಿಸಿಕೊಂಡವಳು ನಾನು. ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ.

ನವೆಂಬರಿನ ಕೊನೆಯ ಒಂದು ಶುಕ್ರವಾರ. ಗಾಳಿ ಸ್ವಲ್ಪ ಜೋರಾಗಿತ್ತು. ಲೈನಿನ ತುದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ನೈಲಾನ್ ದಾರ ಇರುತ್ತದೆ, ಹಮೀದಾಕ ಅದನ್ನು ತಂಗೂಸಿ ಎನ್ನುತ್ತಾರೆ; ಫ್ಲೈ ಕಟ್ಟುವುದು ಅದಕ್ಕೆ. ಗಾಳಿಯಲ್ಲಿ ಬೀಸುವಾಗ ಆ ತಂಗೂಸಿ ತನ್ನನ್ನು ತಾನೇ ಸುತ್ತಿಕೊಂಡು ಒಂದು ಸಣ್ಣ ಗಂಟು ಹಾಕಿಕೊಳ್ಳುವುದುಂಟು. ಗಾಳಿಗಂಟು. ಅಷ್ಟೇ ಅಷ್ಟು ಗಂಟು ದಾರದ ಶಕ್ತಿಯನ್ನು ಅರ್ಧಕ್ಕೆ ಇಳಿಸುತ್ತದೆ. ಅದಕ್ಕಾಗಿ ನಮ್ಮಲ್ಲೊಂದು ಪದ್ಧತಿ: ಆಗಾಗ ಒಬ್ಬರ ತಂಗೂಸಿಯನ್ನು ಇನ್ನೊಬ್ಬರು ಬೆರಳಲ್ಲಿ ಎಳೆದು ನೋಡುವುದು. ಅವರಿಗೆ ಜೋಮು ಹಿಡಿದ ಮೇಲೆ ಎರಡನ್ನೂ ನಾನೇ ನೋಡುತ್ತಿದ್ದೆ.

"ಒಮ್ಮೆ ನೋಡಿ ಮಾರಾಯ್ರೆ" ಎಂದು ರಾಡನ್ನು ನನ್ನತ್ತ ವಾಲಿಸಿದರು.

ಎಳೆದೆ. ಫ್ಲೈಗಿಂತ ಒಂದು ಗೇಣು ಮೇಲೆ ಬೆರಳಿಗೆ ಸಿಕ್ಕಿತು, ಸಾಸಿವೆಗಿಂತ ಸಣ್ಣದು. ಅದೇ ಕ್ಷಣ — ಎದುರಿಗೆ ನೀರು ಕುದಿಯತೊಡಗಿತು. ಸಣ್ಣ ಮೀನುಗಳ ಹಿಂಡು ಚಿಮ್ಮುತ್ತಿದೆ, ಅದರ ಕೆಳಗೆ ಉದ್ದುದ್ದ ಬೆಳ್ಳಿ ಮೈಗಳು ತಿರುಗುತ್ತಿವೆ. ಮೂರು ವರ್ಷ ಕಾದ ಮೀನು, ನಲವತ್ತು ಅಡಿ ದೂರದಲ್ಲಿ. ಅವರ ದಾರ ಕತ್ತರಿಸಿ, ಹೊಸದು ಹಾಕಿಸಿ, ಅವರು ನಿಧಾನವಾಗಿ ಗಂಟು ಕಟ್ಟುವವರೆಗೆ ಪಕ್ಕದಲ್ಲಿ ನಿಲ್ಲಬೇಕು — ಐದು ನಿಮಿಷ. ಮೀನು ಐದು ನಿಮಿಷ ಇರುತ್ತದೆಯೇ? ನನ್ನ ರಾಡ್ ಸಿದ್ಧವಾಗಿತ್ತು. ಮತ್ತೆ — ಇದನ್ನೂ ಬರೆದುಬಿಡಬೇಕು — ಆ ಗಂಟಿದ್ದರೆ ಮೊದಲ ಮೀನು ಅವರದಾಗುವುದಿಲ್ಲ ಎಂಬ ಎಣಿಕೆಯೂ ತಲೆಯಲ್ಲಿ ಹಾದುಹೋಯಿತು. ಸ್ಪಷ್ಟವಾಗಿಯೇ ಹಾದುಹೋಯಿತು.

"ಸರಿ ಇದೆ, ಬೀಸಿ" ಎಂದೆ.

ಅವರೂ ಬೀಸಿದರು, ನಾನೂ ಬೀಸಿದೆ. ಮೀನು ಅವರಿಗೇ ಬಂತು.

ಎಂಥ ಮೀನು! ದಾರ ಸುತ್ತಿದ ರೀಲ್ ಕಿರುಚಿಕೊಂಡಿತು. ಹಮೀದಾಕ ಲುಂಗಿ ಎತ್ತಿ ಕಟ್ಟಿ, ನಗುತ್ತಾ, ಕೂಗುತ್ತಾ, ನೀರು ಹಾರಿಸುತ್ತಾ ಅದರ ಹಿಂದೆ ಓಡಿದರು. ಮೀನು ಪೂರ್ತಿ ನೀರಿನಾಚೆ ನೆಗೆಯಿತು, ಎರಡು ಸಲ. ದಡದಲ್ಲಿ ಜುಬೇದಕ್ಕ ಎದ್ದು ನಿಂತಿದ್ದರು. ನಾನು ಎಲ್ಲವನ್ನೂ ಮರೆತು, "ಬಿಡಬೇಡಿ, ಬಿಡಬೇಡಿ" ಎಂದು ಅರಚುತ್ತಿದ್ದೆ. ಎರಡು ನಿಮಿಷ ಇರಬಹುದು. ಮೂರನೇ ಸಲ ನೆಗೆದಾಗ ಲೈನ್ ಸಡಿಲವಾಗಿ ಅವರ ಮುಖಕ್ಕೆ ಬಂದು ಬಿತ್ತು.

ನಾನು ಓಡಿಹೋಗಿ ದಾರದ ತುದಿ ಹಿಡಿದೆ. ಸರಿಯಾಗಿ ಒಂದು ಗೇಣು ಕಡಿಮೆ ಇತ್ತು. ಗಾಳಿಗಂಟಿನಲ್ಲೇ ತುಂಡಾಗಿತ್ತು, ಅನುಮಾನವೇ ಇಲ್ಲ. ತುಂಡಾದ ದಾರದ ತುದಿ ಮೊಂಡಾಗಿರುತ್ತದೆ; ಫ್ಲೈಯ ಗಂಟು ಜಾರಿ ಬಿಚ್ಚಿದರೆ ತುದಿ ಸುರುಳಿ ಸುತ್ತಿರುತ್ತದೆ. ಇದು ಅವರೇ ನನಗೆ ಕಲಿಸಿದ ಪಾಠ. ಅವರು ನೀರು ಸೀಳಿಕೊಂಡು ನನ್ನತ್ತ ಬರುತ್ತಿದ್ದರು. ಮೊಂಡು ತುದಿ ನೋಡಿದರೆ ನಾನು ಗಾಳಿಗಂಟನ್ನು ಮುಚ್ಚಿಟ್ಟದ್ದು ಗೊತ್ತಾಗಿಬಿಡುತ್ತಿತ್ತು. ನಾನು ಆ ತುದಿಯನ್ನು ಹೆಬ್ಬೆರಳಿನ ಉಗುರಿಗೆ ಒತ್ತಿ ಜೋರಾಗಿ ಎಳೆದೆ. ಅದು ಚೆಂದವಾಗಿ ಸುರುಳಿಯಾಯಿತು. ಅದನ್ನು ಅವರ ಕೈಗೆ ಕೊಟ್ಟೆ.

"ಗಂಟು ಜಾರಿದೆ, ಹಮೀದಾಕ."

ಅವರು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಕೆಳತುಟಿಗೆ ಸವರಿ ನೋಡಿದರು, ಬೆರಳನ್ನು ನಂಬದೆ. "ಹೌದು" ಎಂದರು. "ಜಾರಿದೆ."

ಇಷ್ಟಕ್ಕೇ ಮುಗಿಯಲಿಲ್ಲ. ಹಿಂಡು ಇನ್ನೂ ಅಲ್ಲೇ ಇತ್ತು. ಹತ್ತು ನಿಮಿಷದಲ್ಲಿ ನನಗೆ ಮೀನು ಸಿಕ್ಕಿತು, ನನ್ನ ಜೀವಮಾನದ ಮೀನು, ಅವರು ಕಟ್ಟಿಕೊಟ್ಟ ಫ್ಲೈಗೆ. ಅವರೇ ಬಾಲ ಹಿಡಿದು ಎತ್ತಿಕೊಟ್ಟರು. ಅವರೇ ಫೋಟೊ ತೆಗೆದರು. ಆ ಫೋಟೊವನ್ನು ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದೆ. ಖುಷಿಯಾಗಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ತುಂಬಾ ಖುಷಿಯಾಗಿತ್ತು.

ಹಮೀದಾಕ ಜಾರ್ಜಿಯಾ ಬೇಡ ಎಂದರು. ಅಲ್ ಶಮಾಲೂ ನಿಂತಿತು. ನಾನು ಅಂಗಡಿಗೆ ಹೋದಾಗಲೆಲ್ಲ ಮಾತಾಡುತ್ತಿದ್ದರು, ಚಹಾ ತರಿಸುತ್ತಿದ್ದರು. ಇಕ್ಕಳ ಮಾತ್ರ ಮೆಷಿನ್ನಿನ ಪಕ್ಕ ಇರಲಿಲ್ಲ. ಹೇಳಬೇಕು, ಇವತ್ತು ಹೇಳಿಬಿಡಬೇಕು ಎಂದು ಹೋಗುವುದು, ಬ್ಲೌಸಿನ ಅಳತೆ ಕೊಟ್ಟು ಬರುವುದು. ಹೀಗೆ ಎರಡು ವರ್ಷ.

ಈ ಸಲದ ನವೆಂಬರಿನಲ್ಲಿ ಒಂದು ಸಂಜೆ ಹೋದಾಗ ಅಂಗಡಿಯಲ್ಲಿ ಜುಬೇದಕ್ಕ ಕೂತಿದ್ದರು. ಗಂಡನ ಷರಟನ್ನು ಮಡಿಲಲ್ಲಿ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದರು. ಹಮೀದಾಕ ಎದುರಿಗೇ ಕೂತು, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಅದನ್ನು ನೋಡುತ್ತಿದ್ದರು. ಸೂಜಿ ಕೆಲಸವನ್ನೆಲ್ಲ ಆಳುಗಳಿಗೆ ಬಿಟ್ಟು ಅವರು ಅಳತೆ ತೆಗೆಯುವುದಷ್ಟೇ ಮಾಡುತ್ತಿದ್ದಾರೆಂದು ನನಗೆ ತಿಳಿದಿತ್ತು. ಆದರೆ ಇದು... ಒಂದು ಗುಂಡಿ. ತನ್ನದೇ ಷರಟಿನ ಗುಂಡಿ.

ನಿಂತಲ್ಲೇ ಹೇಳಿದೆ. ಗಾಳಿಗಂಟು, "ಸರಿ ಇದೆ" ಎಂದದ್ದು, ಉಗುರು, ಸುರುಳಿ. ಮೊದಲ ಮೀನು ನನಗೇ ಬೇಕಿತ್ತು ಎಂಬುದನ್ನೂ. ಜುಬೇದಕ್ಕನ ಸೂಜಿ ನಿಂತಿತು. ಹಮೀದಾಕ ಕೂತಲ್ಲೇ ಮುಂದಕ್ಕೆ ಬಾಗಿದರು.

"ಹಾಗಾದ್ರೆ ನಾನು ಕಟ್ಟಿದ ಗಂಟು ಜಾರ್ಲಿಲ್ವಾ?"

"ಇಲ್ಲ ಹಮೀದಾಕ. ಮೀನಿನ ಜೊತೆಗೇ ಹೋಯಿತು. ಗಟ್ಟಿಯಾಗಿತ್ತು."

ಅವರ ಮುಖ ಅರಳಿತು. ನಿಜವಾಗಿ ಹೇಳುತ್ತೇನೆ, ಆ ಮುಖ ನೋಡಿ ನನಗೂ ಕುಣಿಯುವಂತಾಯಿತು. ಹೆಂಡತಿಯತ್ತ ತಿರುಗಿ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು, ಒಂದೇ ಮಾತನ್ನು ಮೂರು ಸಲ. ಎರಡು ಕೈಯನ್ನೂ ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಹೆಂಡತಿಯ ಮಡಿಲಿನಿಂದ ಷರಟನ್ನೂ ಸೂಜಿಯನ್ನೂ ತೆಗೆದುಕೊಂಡು ತಾವೇ ಹೊಲಿಯಲು ಕೂತರು. ಎರಡನೇ ಗುಂಡಿಗೆ ಬರುವ ಹೊತ್ತಿಗೆ ನಗು ಹೋಗಿತ್ತು.

"ನೀವು ವಾರಕ್ಕೆ ಒಮ್ಮೆಯಾದರೂ ಇಲ್ಲಿಗೆ ಬರ್ತಿದ್ರಿ. ನನ್ನನ್ನು ನೋಡ್ತಿದ್ರಿ" ಎಂದರು, ತಲೆ ಎತ್ತದೆ. ದನಿ ಏರಲಿಲ್ಲ. "ಇನ್ನು ಹೋಗಿ ಮೇಡಂ. ನನಗೆ ಕೆಲಸ ಉಂಟು."

ಮೇಡಂ ಎಂದು ಅವರು ನನ್ನನ್ನು ಅದಕ್ಕೆ ಮೊದಲು ಯಾವತ್ತೂ ಕರೆದಿರಲಿಲ್ಲ. ಬಂದೆ. ಆಫೀಸಿನ ಮೇಜಿನ ಮೇಲಿದ್ದ ಆ ಫೋಟೊವನ್ನು ತೆಗೆದು ಒಳಗಿಟ್ಟೆ. ಅವರು ಹೋಗು ಎಂದ ಮೇಲೆ ಹೋಗಿ ಕಾಲು ಹಿಡಿಯುವುದು ನನ್ನ ಸಮಾಧಾನಕ್ಕೇ ಆಗುತ್ತದೆ ಎನಿಸಿತು, ಹೋಗಲಿಲ್ಲ.

ಕಳೆದ ವಾರ ಆಫೀಸಿನ ಮೀಟಿಂಗಿನಲ್ಲಿದ್ದೆ. ಫೋನು ಅದುರಿತು, ಹಮೀದಾಕರ ಹೆಸರು. ಕುರ್ಚಿ ಬೀಳಿಸಿಕೊಂಡು ಹೊರಗೆ ಓಡಿದೆ. ನೀರು ಭೋರ್ಗರೆಯುವ ಸದ್ದು, ಅದರ ಮೇಲೆ ಅವರ ಏದುಸಿರು.

"ಬಂತು ಮಾರಾಯ್ರೆ, ಬಂತು. ಟ್ರೌಟ್. ಜಾರ್ಜಿಯಾದ ಹೊಳೆಯಲ್ಲಿ ನಿಂತಿದ್ದೇನೆ, ಸುತ್ತ ಹಿಮ ಉಂಟು, ಕೈ ಮರಗಟ್ಟಿದೆ, ಆದರೂ ನಾನೇ ಕಟ್ಟಿದ್ದು, ಎಲ್ಲ ನಾನೇ. ಮೈಮೇಲೆ ಕೆಂಪು ಚುಕ್ಕೆ ಮಾರಾಯ್ರೆ, ಕುಂಕುಮ ಇಟ್ಟ ಹಾಗೆ. ಈಗ ಬಿಟ್ಟೆ, ಹೋಯಿತು, ಇಲ್ಲೇ ನನ್ನ ಕಾಲಿನ ಹತ್ತಿರದಿಂದಲೇ..."

"ಹಮೀದಾಕ" ಎಂದೆ. ಅಷ್ಟೇ ಬಾಯಿಗೆ ಬಂದದ್ದು. ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಆ ಕಡೆ ಮಾತು ನಿಂತಿತು. ನೀರಿನ ಸದ್ದಷ್ಟೇ. ಯಾರಿಗೆ ಫೋನ್ ಮಾಡಿದ್ದೇನೆಂದು ಅವರಿಗೆ ಆಗಷ್ಟೇ ನೆನಪಾಗಿರಬೇಕು.

"ಅಭ್ಯಾಸದಲ್ಲಿ ನಿಮಗೆ ಮಾಡಿಬಿಟ್ಟೆ" ಎಂದರು. ಫೋನ್ ಇಟ್ಟರು.

ನಾನು ತಿರುಗಿ ಮಾಡಲಿಲ್ಲ. ಮಾಡುವುದೂ ಇಲ್ಲ. ಆ ಹೊಳೆಯಲ್ಲಿ ಅವರ ಪಕ್ಕ ನಿಂತು ಅದನ್ನು ನೋಡಬೇಕಾಗಿದ್ದವಳು ನಾನು. ಆ ಜಾಗವನ್ನು ನಾನೇ ಕಳೆದುಕೊಂಡೆ.