ಸದ್ದು ಮಾಡದ ಸೊಪ್ಪು

ಸಾವಿರದ ಒಂಬೈನೂರ ಐವತ್ತನಾಲ್ಕನೆಯ ಇಸವಿಯ ಶ್ರಾವಣ ಮಾಸ. ನಮ್ಮ ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಚಪ್ಪರದಡಿ ಅವತ್ತು ಮಧ್ಯಾಹ್ನ ಕೂತಿದ್ದವರು ಮೂವರು. ನಮ್ಮತ್ತೆ, ಸೊಪ್ಪು ಕಟ್ಟುವುದರಲ್ಲಿ ಊರಿಗೇ ಹಿರಿಯಳಾದ ನಿಂಗಜ್ಜಿ, ಮತ್ತು ಮದುವೆಯಾಗಿ ಇನ್ನೂ ಆರು ತಿಂಗಳು ತುಂಬದ ನಾನು. ಗೋಡೆಯ ಆಚೆ ಬದಿಯಲ್ಲಿ ಒಲೆಗೆ ಸೌದೆ ಒಟ್ಟುತ್ತಿದ್ದವನು ಜವರಣ್ಣ. ನಮ್ಮ ಯಜಮಾನರು ಹೊಲದಲ್ಲಿ ಎಲೆ ಮುರಿಸುತ್ತಿದ್ದರು.

ನನ್ನ ತವರು ಎಡತೊರೆ ಕಡೆ, ಈಗ ಎಲ್ಲರೂ ಕೆ.ಆರ್. ನಗರ ಅನ್ನುತ್ತಾರೆ. ನಾಲೆ ನೀರಿನ ಊರು, ಭತ್ತ ಬಿಟ್ಟರೆ ನಮಗೆ ಬೇರೆ ಬೆಳೆ ಗೊತ್ತಿರಲಿಲ್ಲ. ಕೊಟ್ಟದ್ದು ಬೆಟ್ಟದಪುರದ ಹತ್ತಿರದ ಒಂದು ಊರಿಗೆ. ಬ್ಯಾರನ್ ಅನ್ನುವುದನ್ನು ನಾನು ನೋಡಿದ್ದೇ ಅಲ್ಲಿ. ಎತ್ತರದ ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಮಾಡು. ಹಸಿ ಎಲೆಯನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲು ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯ ಕಾವು ನೆಲದ ಮೇಲಿನ ತಗಡಿನ ಕೊಳವೆಯೊಳಗೆ ಹರಿದು ಐದಾರು ದಿವಸಕ್ಕೆ ಎಲೆ ಹೊಂಬಣ್ಣಕ್ಕೆ ತಿರುಗಿ ಹಪ್ಪಳದಂತೆ ಗರಿಗರಿಯಾಗುತ್ತದೆ. ಕಾದ ಕೊಳವೆಯ ಮೇಲೆ ಅಂಥದ್ದೊಂದು ಎಲೆ ಉದುರಿದರೆ ಮುಗಿಯಿತು, ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಇದು ನನಗೆ ತಿಳಿದದ್ದು ಆಮೇಲೆ.

ಅವತ್ತು ಬೆಳಿಗ್ಗೆ ಕಡ್ಡಿ ಎತ್ತಿಕೊಳ್ಳುವಾಗ ಹಲ್ಲಿಯೊಂದು ಕೈಮೇಲೆ ಹರಿದು ನಾನು ಕಿಟಾರನೆ ಕಿರುಚಿದ್ದೆ. ನಿಂಗಜ್ಜಿಗೆ ಅಷ್ಟೇ ಸಾಕಾಯಿತು.

"ಎಡತೊರೆ ಎಣ್ಣು ಹಲ್ಲಿಗೇ ಇಂಗೆ ಕಿರಚ್ತಾಳಲ್ಲ, ಕಾಡಂದಿ ಕಂಡ್ರೆ ಗಂಡನ್ ಎಗಲೇರಿ ಕುಂತ್ಕತಾಳೆ ಕಣ್ರಮ್ಮ!"

ಅತ್ತೆ ನಕ್ಕರು. ಒಲೆಯ ಕಡೆಯಿಂದ ಜವರಣ್ಣನೂ ನಕ್ಕ. ನನಗೆ ನಾಚಿಕೆಯಾಗಿ, ಇನ್ನು ಮೇಲೆ ಏನೇ ಆದರೂ ಬಾಯಿ ಬಿಡಬಾರದು ಅಂದುಕೊಂಡೆ.

ನಾನು ಬ್ಯಾರನ್ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಊಟವಾದ ಮೇಲೆ ಗೋಡೆಯೊಳಗಿಂದ 'ಸರ್ರ್' ಅಂತ ಒಂದು ಸದ್ದು ಬಂತು. ಯಾರೋ ಒಣಗಿದ ಬಟ್ಟೆ ಎಳೆದ ಹಾಗೆ. ಹೇಳಲೇ ಅಂದುಕೊಂಡೆ. ಇಲಿ ಇರಬೇಕು, ಮತ್ತೆ ನಗುತ್ತಾರೆ ಅನ್ನಿಸಿ ಸುಮ್ಮನಾದೆ. ಇನ್ನೆರಡು ಕಡ್ಡಿ ಕಟ್ಟಿರಬೇಕು, ಅಷ್ಟರಲ್ಲಿ ವಾಸನೆ ಬಂತು. ತಲೆ ಎತ್ತಿದರೆ ಮಾಡಿನಿಂದ ಹಳದಿ ಹೊಗೆ. ಜವರಣ್ಣ ಓಡಿಬಂದು ಸಿಕ್ಕಷ್ಟು ಸೊಪ್ಪು ಎಳೆಯೋಣ ಅಂತ ಬಾಗಿಲು ತೆಗೆದ. ಬೆಂಕಿ ಅವನ ಮೇಲೇ ನುಗ್ಗಿತು. ಹೊಲದವರು ಬರುವ ಹೊತ್ತಿಗೆ ನಾಲ್ಕು ಗೋಡೆ ಮಾತ್ರ ಉಳಿದಿತ್ತು.

ಯಾರೂ ಸಾಯಲಿಲ್ಲ. ಜವರಣ್ಣನ ಬಲಗೈಯ ಮೂರು ಬೆರಳು ಒಂದಕ್ಕೊಂದು ಅಂಟಿ ಹಾಗೇ ಒಣಗಿದವು. ನನಗಂತೂ ಒಂದು ಕೂದಲೂ ಸುಟ್ಟಿರಲಿಲ್ಲ. ಅದಕ್ಕೇ ಮುಂದೆ ನನಗಾದದ್ದು ಯಾರಿಗೂ ಅರ್ಥವಾಗಲಿಲ್ಲ, ನನಗೂ ಅಷ್ಟೇ.

ಹದಿನೈದು ದಿವಸ ಕಳೆದಿರಬಹುದು. ಹಿತ್ತಿಲು ಗುಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎದೆ ನಗಾರಿಯಂತೆ ಬಡಿಯತೊಡಗಿತು, ಅಂಗೈ ಬೆವೆತಿತು. ಎಚ್ಚರವಾದಾಗ ನಾನು ಕೊಟ್ಟಿಗೆಯ ಮೂಲೆಯಲ್ಲಿ ಎಮ್ಮೆಯ ಕೊರಳು ತಬ್ಬಿಕೊಂಡು ನಿಂತಿದ್ದೆ. ಅಲ್ಲಿಗೆ ಹೇಗೆ ಹೋದೆನೋ ಗೊತ್ತಿಲ್ಲ. ಆಮೇಲೆ ಅದು ಪದೇ ಪದೇ ಆಯಿತು. ಒಂದು ದಿನ ನೀರಿನ ಕೊಡ ಕೈಜಾರಿತು, ಇನ್ನೊಂದು ದಿನ ಅತ್ತೆ ಕೂಗುತ್ತಿದ್ದರೂ ಕೇಳಿಸಲಿಲ್ಲ.

ಬೆಂಕಿಯ ಭಯ ಅಂದರು. ಆದರೆ ನಾನು ಒಲೆ ಹಚ್ಚುತ್ತಿದ್ದೆ, ದೇವರಿಗೆ ದೀಪ ಹಚ್ಚುತ್ತಿದ್ದೆ, ಸ್ನಾನದ ಹಂಡೆಗೆ ಉರಿ ಹಾಕುತ್ತಿದ್ದೆ. ಅತ್ತೆ ಒಂದು ದಿನ ಎದುರಿಗೆ ಕೂರಿಸಿಕೊಂಡು ಕೇಳಿದರು.

"ಬೆಂಕಿ ಮುಂದೆ ಕುಂತ್ಕತೀಯ, ಏನೂ ಆಗಲ್ಲ. ಕಸ ಗುಡ್ಸೋಕೆ ನಿಂತ್ರೆ ಓಡೋಗ್ತೀಯ. ಯಾವುದಕ್ಕವ್ವ ನೀನು ಎದ್ರುಕೊಳ್ಳೋದು?"

"ಗೊತ್ತಿಲ್ಲ ಅತ್ತೆಮ್ಮ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಕೆಲಸಗಳ್ಳಿ ಅಂತ ಕೇರಿಯಲ್ಲಿ ಮಾತಾಯಿತು. ಗಾಳಿ ಸೋಕಿದೆ ಅಂತ ನಿಂಬೆಹಣ್ಣು ನಿವಾಳಿಸಿದರು. ಗಾಳಿ ಬಿಡಿಸುವವರೊಬ್ಬರು ಹಸಿ ಬೇವಿನ ಸೊಪ್ಪಿನಲ್ಲಿ ತಲೆಯಿಂದ ಕಾಲಿನವರೆಗೆ ಹೊಡೆದರು. ಅಷ್ಟೂ ಹೊತ್ತು ನಾನು ಕಲ್ಲಿನಂತೆ ಕೂತಿದ್ದೆ. ಗಾಳಿ ಬಿಟ್ಟುಹೋಯಿತು ಅಂತ ತೆಂಗಿನಕಾಯಿ ತೆಗೆದುಕೊಂಡು ಹೋದರು. ಮಾರನೆಯ ದಿನ ನಾನು ಮತ್ತೆ ಕೊಟ್ಟಿಗೆಯಲ್ಲಿ!

ಕಾರ್ತಿಕದಲ್ಲಿ ಹುಣಸೂರಿನಲ್ಲಿ ನೆಂಟರ ಮನೆ ಮದುವೆ. ಊಟಕ್ಕೆ ಕೂತಿದ್ದೆವು. ಪಂಕ್ತಿಯ ಆ ತುದಿಯಿಂದ ಎಲೆ ಹಾಕಿಕೊಂಡು ಬಂದರು. ಒಣಗಿದ ಮುತ್ತುಗದ ಎಲೆ. ಸರ್, ಸರ್, ಸರ್. ಒಬ್ಬೊಬ್ಬರನ್ನೇ ದಾಟಿ ಅದು ನನ್ನ ಹತ್ತಿರ ಬಂತು. ಮುಂದಿನದು ನನಗೆ ನೆನಪಿಲ್ಲ. ಹಾಕಿದ ಎಲೆ ತುಳಿದುಕೊಂಡು ಓಡಿದೆನಂತೆ. ಪಕ್ಕದ ಮನೆಯ ಬಾವಿಕಟ್ಟೆಯ ಹತ್ತಿರ ಸಿಕ್ಕಿದೆನಂತೆ. ಮದುವೆ ಮನೆಯಲ್ಲಿ ಎಲೆ ತುಳಿದೆದ್ದ ಸೊಸೆ ಅಂದರೆ ಕೇಳಬೇಕೇ? ಅತ್ತೆ ತಲೆ ಎತ್ತದೆ ಊಟ ಮಾಡಿದರು.

ಗಾಡಿಯಲ್ಲಿ ವಾಪಸು ಬರುವಾಗ ಅವರು ಮೆಲ್ಲಗೆ ಅಂದರು: "ಒಂದಷ್ಟು ದಿನ ತವರಿಗೆ ಓಗಿದ್ದು ಬಾ, ಮಗ."

ಒಂದಷ್ಟು ದಿನ ಅಂದರೆ ಎಷ್ಟು ದಿನ ಅಂತ ನಾನು ಯಜಮಾನರ ಮುಖ ನೋಡಿದೆ. ಅವರು ಎತ್ತುಗಳನ್ನೇ ನೋಡುತ್ತಿದ್ದರು. ಹಾಗೆ ತವರಿಗೆ ಬಂದು, ಗಂಡನ ಮನೆಯವರು ತಿರುಗಿ ಕರೆಸಿಕೊಳ್ಳದೇ ಉಳಿದ ಇಬ್ಬರು ಹೆಣ್ಣುಮಕ್ಕಳು ನನ್ನ ತವರೂರಿನಲ್ಲೇ ಇದ್ದರು.

ಮಾರನೆಯ ಬೆಳಿಗ್ಗೆ ನಾನು ಸೀರೆ ಗಂಟು ಕಟ್ಟುತ್ತಿದ್ದಾಗ ನಿಂಗಜ್ಜಿ ಬಂದಳು. ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. "ಊಟಕ್ಕೆ ಬಾಳೆಲೆಯಾ, ಮುತ್ತುಗದೆಲೆಯಾ?" ಅಂತ ಕೇಳಿದಳು.

"ಮುತ್ತುಗದ್ದು."

"ನೀರು ಚಿಮುಕಿಸಿದ್ರಾ?"

"ಇಲ್ಲ ಕಣಜ್ಜಿ, ಗರಿಗರಿ ಅಂತಿತ್ತು" ಅಂದೆ. ಅನ್ನುವಾಗಲೇ ಎರಡೂ ಕಿವಿ ಮುಚ್ಚಿಕೊಂಡಿದ್ದೆ.

ಅಜ್ಜಿ ಎದ್ದು ಅತ್ತೆಯ ಹತ್ತಿರ ಹೋದಳು. "ಅಮ್ಮಾರೆ, ಈ ಮಗ ಬೆಂಕಿಗೆ ಎದರ್ತಿಲ್ಲ ಕಣ್ರೀ, ಒಣಸೊಪ್ಪಿನ ಸದ್ದಿಗೆ ಎದರ್ತಾಳೆ. ಒಂದು ತಿಂಗ್ಳು ನನ್ ಕೈಗೆ ಬುಡಿ. ಆಮ್ಯಾಕೆ ಬೇಕಾರೆ ಕಳಿಸ್ಕೊಡಿ."

ಅತ್ತೆ ನನ್ನ ಗಂಟನ್ನು ನೋಡಿದರು, ನನ್ನನ್ನು ನೋಡಿದರು. "ಒಂದೇ ತಿಂಗ್ಳು" ಅಂದರು.

ಆ ಹೊತ್ತಿಗೆ ಮನೆಯಲ್ಲಿ ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ ನಡೆಯುತ್ತಿತ್ತು. ನಮ್ಮ ಮಿಕ್ಕ ಸೊಪ್ಪನ್ನು ಪಕ್ಕದವರ ಬ್ಯಾರನ್‌ನಲ್ಲಿ ಬೇಯಿಸಿದ್ದೆವು. ಸೊಪ್ಪಿನ ಕೆಲಸ ಮಾಡಿದವರಿಗೆ ಗೊತ್ತು, ಗರಿಗರಿ ಇರುವಾಗ ಮುಟ್ಟಿದರೆ ಎಲೆ ಪುಡಿಯಾಗುತ್ತದೆ. ಇಬ್ಬನಿ ಕುಡಿದು ಹದಕ್ಕೆ ಬಂದ ಮೇಲೆ ಅದೇ ಎಲೆ ಹಳೆಯ ಸೀರೆಯ ಹಾಗೆ ಮೆತ್ತಗೆ, ಒಂದು ಚೂರೂ ಸದ್ದಿಲ್ಲ. ಅಜ್ಜಿ ನನ್ನನ್ನು ಬೆಳಗಾಗುತ್ತಲೇ ಕೂರಿಸಿಕೊಂಡಳು. ಎಲೆ ಮೆತ್ತಗಿರುವ ತನಕ ಬಿಡಿಸುವುದು. ಬಿಸಿಲು ಏರಿ ಅದು ಪಿಸುಗುಟ್ಟಲು ಶುರುವಾದರೆ ನಾನು ಎದ್ದು ಹೋಗಬಹುದು. ಮಾರನೆಯ ದಿನ ಅದು ಪಿಸುಗುಟ್ಟಲು ಶುರುವಾದ ಮೇಲೂ ಹತ್ತು ಎಲೆ ಬಿಡಿಸಬೇಕು. ಅದರಾಚೆ ದಿನ ಇನ್ನೂ ಹತ್ತು. ಇದೇನು ಔಷಧಿ ಅಂತ ನನಗೆ ತಲೆಬುಡ ಅರ್ಥವಾಗಲಿಲ್ಲ. ಒಂದೊಂದು ದಿನ ಮುಂದೆ ಹೋದರೆ ಎರಡು ದಿನ ಹಿಂದೆ. ಓಡಿಹೋದ ದಿನ ಅಜ್ಜಿ ಕರೆಯುತ್ತಿರಲಿಲ್ಲ. ನನ್ನ ಜಾಗದಲ್ಲಿ ಎಲೆಗಳನ್ನು ಹಾಗೇ ಬಿಟ್ಟು, ತನ್ನ ಪಾಡಿಗೆ ಎಲೆಯಡಿಕೆ ಕುಟ್ಟುತ್ತಿದ್ದಳು.

ಇಪ್ಪತ್ತು ದಿನ ಆಗಿರಬೇಕು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಕೈಯಲ್ಲಿದ್ದ ಎಲೆ 'ಸರ್' ಅಂದಿತು. ಏಳಲು ಹೋದವಳು ಏಳದೆ ಬಾಯಿ ಬಿಟ್ಟೆ.

"ಅವತ್ತು ನನಗೆ ಕೇಳಿಸಿತ್ತು ಅಜ್ಜಿ. ಒಳಗಡೆ ಬಿದ್ದದ್ದು. ಇಲಿ ಅಂದ್ಕೊಂಡೆ. ನೀವೆಲ್ಲ ನಗ್ತೀರಿ ಅಂತ ಹೇಳಲಿಲ್ಲ."

ಅಷ್ಟು ದಿನ ಅದು ನನ್ನೊಳಗೆ ಇತ್ತೆಂಬುದೇ ಆಡಿದ ಮೇಲೆ ನನಗೆ ತಿಳಿದದ್ದು. ಅಜ್ಜಿ ಎದ್ದು ಹೋಗಿ ಜವರಣ್ಣನನ್ನೇ ಕರೆದುಕೊಂಡು ಬಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನ ಕೈ ನೋಡದೆ ಎಲ್ಲ ಹೇಳಿದೆ.

ಅವನು ಕುಕ್ಕರುಗಾಲಲ್ಲಿ ಕೂತು ಕೇಳಿದ. "ನಂಗೂ ಕೇಳಿಸಿತ್ತು ಕಣವ್ವ. ದಿನಕ್ಕೆ ಅತ್ತು ಸಲ ಕೇಳಿಸ್ತದೆ. ಇಲಿ, ಹಲ್ಲಿ, ಎಲೆ, ಎಲ್ಲಾದೂ ಅಂಗೇ ಸರಗುಟ್ತದೆ. ಅದ್ರಲ್ಲಿ ಸುಟ್ಟಿದ್ದು ಯಾವುದು ಅಂತ ಯಾರಿಗ್ ಗೊತ್ತು?"

"ನಾನು ಕೂಗಿದ್ದರೆ ನಿನ್ನ ಕೈ..."

"ಕೂಗಿದ್ರೆ ನಾನೂ ನಗ್ತಿದ್ದೆ, ಬುಡು" ಅಂದ. "ಇನ್ಮ್ಯಾಕೆ ಕೇಳಿಸಿದ್ರೆ ಕೂಗು. ಹಲ್ಲಿ ಆದ್ರೂ ಸೈ."

ಅವನಿಗೆ ನಿಜವಾಗಿಯೂ ಕೇಳಿಸಿತ್ತೋ, ನನಗೋಸ್ಕರ ಹಾಗೆಂದನೋ, ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರುವಷ್ಟರಲ್ಲಿ ಅವನೇ ಇರಲಿಲ್ಲ. ತಿಂಗಳು ತುಂಬಿದ ದಿನ ಅತ್ತೆ ತವರಿನ ಮಾತೆತ್ತಲಿಲ್ಲ. ಗಂಟು ಬಿಚ್ಚಿ ಸೀರೆಗಳನ್ನು ಅವರೇ ಪೆಟ್ಟಿಗೆಗೆ ಹಾಕಿಟ್ಟಿದ್ದರು.

ಪೂರ್ತಿ ಗುಣವಾಯಿತು ಅಂತ ಹೇಳಲಾರೆ. ಈ ವಯಸ್ಸಿನಲ್ಲೂ ಅಂಗಳದಲ್ಲಿ ತರಗೆಲೆ ಹೊರಳಿದರೆ ಒಂದು ಗಳಿಗೆ ಕೈ ನಿಲ್ಲುತ್ತದೆ. ಇದಕ್ಕೀಗ ಡಾಕ್ಟರುಗಳು ಒಂದು ಹೆಸರಿಟ್ಟಿದ್ದಾರೆ ಅಂತ ಮೊಮ್ಮಗಳು ಹೇಳಿದಳು, ನನ್ನ ನಾಲಿಗೆಗೆ ಅದು ಹೊರಳಲಿಲ್ಲ. ಸದ್ದು ಬಂದಾಗ ಈಗ ಓಡುವುದಿಲ್ಲ, ಅಷ್ಟೇ.

ಮಾರನೆಯ ವರ್ಷ ಶ್ರಾವಣದಲ್ಲಿ ಉಳಿದ ಗೋಡೆಗಳಿಗೇ ಹೊಸ ಮಾಡು ಹೊದಿಸಿ ಬ್ಯಾರನ್‌ಗೆ ಸೊಪ್ಪು ಏರಿಸಿದೆವು. ನಾಲ್ಕನೆಯ ದಿನ ನಾನು ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಗ ಒಳಗೆ 'ಸರ್ರ್' ಅಂದಿತು.

"ಜವರಣ್ಣಾ, ಎಲೆ ಬಿತ್ತು!"

ನನ್ನ ಕೂಗಿಗೆ ಎತ್ತುಗಳು ಹಗ್ಗ ಜಗ್ಗಿದವು. ಜವರಣ್ಣ ಒಂದು ಮಾತೂ ಕೇಳದೆ ಒಲೆಯ ಕೆಂಡವನ್ನೆಲ್ಲ ಹೊರಗೆಳೆದು ನೀರು ಸುರಿದ. ಯಜಮಾನರು ಏಣಿ ಹತ್ತಿ ಕಿಂಡಿಯಲ್ಲಿ ಬಹಳ ಹೊತ್ತು ಇಣುಕಿದರು.

"ಏನೂ ಕಾಣಕಿಲ್ಲ" ಅಂದರು.

ಯಾರೂ ನಗಲಿಲ್ಲ. ಅತ್ತೆ ನನ್ನ ಕಡೆ ಇನ್ನೊಂದು ಹಿಡಿ ಎಲೆ ತಳ್ಳಿದರು.

"ಇಲ್ದಿದ್ರೆ ಒಳ್ಳೇದೇ ಆಯ್ತು. ಜವರ, ಒಲೆ ಹಚ್ಚಪ್ಪ."